ಪ್ಯಾರಿಸ್‌ನಲ್ಲಿ ಸಾಂಬಾರ್ ಸಿಗುತ್ತದೆ, ಕಳೆದ ಪಾಸ್‌ಪೋರ್ಟ್ ಸಿಗುವುದಿಲ್ಲ

ಯುರೋಪ್ ಪ್ರವಾಸಕ್ಕೆ ಹೆಸರು ಬರೆಸಲು ಬರುವವರು ಮೊದಲು ಕೇಳುವುದು ಊಟದ ವಿಚಾರ. ರಾತ್ರಿಗೆ ಅನ್ನ ಇರುತ್ತದಾ, ಮೊಸರು ಕೊಡುತ್ತಾರಾ, ಈರುಳ್ಳಿ ಬೆಳ್ಳುಳ್ಳಿ ಹಾಕದ ಅಡುಗೆ ಸಿಗುತ್ತದಾ, ರೂಮಿನಲ್ಲಿ ನೀರು ಕಾಯಿಸಲು ಕೆಟಲ್ ಇದೆಯಾ. ಆಮೇಲೆ ಚಳಿಯ ವಿಚಾರ. ಕೊನೆಗೆ, ಸ್ವಿಟ್ಜರ್ಲೆಂಡಿನಲ್ಲಿ ಹಿಮ ಕೈಯಲ್ಲಿ ಹಿಡಿಯುವುದು ಗ್ಯಾರಂಟಿಯಾ ಎಂಬ ಪ್ರಶ್ನೆ. ಬೆಂಗಳೂರು, ಮೈಸೂರು, ದಾವಣಗೆರೆ, ಹುಬ್ಬಳ್ಳಿ ಕಡೆಯ ತಂಡಗಳನ್ನು ಟೂರ್ ಮ್ಯಾನೇಜರ್ ಆಗಿ ವರ್ಷಗಳಿಂದ ಕರೆದುಕೊಂಡು ಹೋಗುತ್ತಿದ್ದೇನೆ. "ಪ್ಯಾರಿಸ್‌ನಲ್ಲಿ ನನ್ನ ಪಾಸ್‌ಪೋರ್ಟ್ ಕಳುವಾದರೆ ನೀವೇನು ಮಾಡ್ತೀರಮ್ಮ?" ಎಂದು ಹೊರಡುವ ಮೊದಲೇ ಕೇಳಿದವರು ಯಾರೂ ನೆನಪಿಗೆ ಬರುತ್ತಿಲ್ಲ. ಕಳುವಾದ ಮೇಲೆ ಕೇಳಿದವರಿದ್ದಾರೆ.

ತಪ್ಪು ಪ್ರವಾಸಿಗಳದ್ದು ಎನ್ನಲಾರೆ. ಅವರಿಗೆ ಅನ್ನ ಮೊಸರಿನ ಪ್ರಶ್ನೆ ಕಲಿಸಿಕೊಟ್ಟವರು ನಮ್ಮ ಧಂದೆಯವರೇ. ಜಾಹೀರಾತು ನೋಡಿ: ನಮ್ಮದೇ ಅಡುಗೆಭಟ್ಟರು ಜೊತೆಗೆ, ಹತ್ತು ದಿನಕ್ಕೆ ಏಳು ದೇಶ, ಕನ್ನಡ ಬಲ್ಲ ಗೈಡ್. ಹೊರಡುವ ಮುಂಚಿನ ವಾರ ಯಾವುದೋ ಹೋಟೆಲಿನ ಹಾಲಿನಲ್ಲಿ ಎಲ್ಲರನ್ನೂ ಕೂರಿಸಿ ಒಂದು ಮೀಟಿಂಗ್ ಮಾಡುತ್ತಾರೆ. ಕಾಫಿ, ಬಿಸ್ಕತ್ತು, ಕಂಪನಿಯ ಹೆಸರಿರುವ ಟೋಪಿ, ಕಂಪನಿಯ ಹೆಸರಿರುವ ಪೌಚು. ಎಷ್ಟು ಕೆಜಿ ಲಗೇಜು, ಯಾವ ಕೋಟು, ಯಾವ ಶೂಸು ಎಂದು ಮುಕ್ಕಾಲು ಗಂಟೆ ಮಾತು. ಕಳ್ಳತನದ ಬಗ್ಗೆ ಒಂದೇ ವಾಕ್ಯ: "ನಿಮ್ಮ ನಿಮ್ಮ ವಸ್ತುಗಳಿಗೆ ನೀವೇ ಜವಾಬ್ದಾರರು." ಎಚ್ಚರಿಕೆಯ ಹೆಸರಿನಲ್ಲಿ ಕಂಪನಿ ಕೈ ತೊಳೆದುಕೊಳ್ಳುವ ಮಾತು ಇದು.

ಪ್ಯಾರಿಸ್ ಭಯಾನಕ ಊರು ಎಂದು ಹೇಳಲು ನಾನು ಹೊರಟಿಲ್ಲ. ರಾತ್ರಿ ಹತ್ತಕ್ಕೆ ಸೇನ್ ನದಿಯ ದಂಡೆಯ ಮೇಲೆ ಹೆಂಗಸರು ಒಂಟಿಯಾಗಿ ಕೂತು ಪುಸ್ತಕ ಓದುವುದನ್ನು ನೋಡಿದ್ದೇನೆ, ನಾನೂ ಕೂತಿದ್ದೇನೆ. ಅಲ್ಲಿ ಪ್ರವಾಸಿಗರಿಗೆ ಎದುರಾಗುವ ಕಳ್ಳ ಸಾಮಾನ್ಯವಾಗಿ ಚಾಕು ತೋರಿಸುವುದಿಲ್ಲ, ಮೈಮೇಲೆ ಬೀಳುವುದಿಲ್ಲ. ಅವನಿಗೆ ಬೇಕಾದದ್ದು ನಿಮ್ಮ ಗಮನ ಬೇರೆ ಕಡೆಗಿರುವ ಅರ್ಧ ನಿಮಿಷ. ಆ ಅರ್ಧ ನಿಮಿಷವನ್ನು ನಮ್ಮ ಅಭ್ಯಾಸಗಳೂ ನಮ್ಮ ಪ್ಯಾಕೇಜ್ ಟೂರುಗಳೂ ಸೇರಿ ತಟ್ಟೆಯಲ್ಲಿಟ್ಟು ಕೊಡುತ್ತಿವೆ ಎಂಬುದು ನನ್ನ ತಕರಾರು.

ಮಾಂಟ್‌ಮಾರ್ಟ್ ಗುಡ್ಡದ ಮೇಲಿನ ಸಾಕ್ರೆ ಕರ್ ಚರ್ಚಿಗೆ ಹತ್ತುವ ಮೆಟ್ಟಿಲುಗಳ ಬುಡದಲ್ಲಿ ಕೈಯಲ್ಲಿ ಬಣ್ಣದ ನೂಲು ಹಿಡಿದು ನಾಲ್ಕೈದು ಜನ ನಿಂತಿರುತ್ತಾರೆ. ನಗುತ್ತಾ ಬಂದು ಕೈ ಚಾಚುತ್ತಾರೆ. ಜರ್ಮನ್ನನೋ ಜಪಾನಿನವನೋ ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ನಮ್ಮವರು ಬಲಗೈ ಮುಂದೆ ಮಾಡುತ್ತಾರೆ. ಧರ್ಮಸ್ಥಳದಲ್ಲಿ, ಘಾಟಿ ಸುಬ್ರಹ್ಮಣ್ಯದಲ್ಲಿ, ಊರ ಮಾರಮ್ಮನ ಗುಡಿಯಲ್ಲಿ ದಾರ ಕಟ್ಟಿಸಿಕೊಂಡ ಕೈ ಅದು. ಗುಡಿಯ ಬಾಗಿಲಲ್ಲಿ ಯಾರಾದರೂ ದಾರ ಹಿಡಿದರೆ ತಾನಾಗಿಯೇ ಮುಂದೆ ಹೋಗುತ್ತದೆ. ನೂಲಿನವನು ಬೆರಳಿಗೆ ಕುಣಿಕೆ ಹಾಕಿ ಹೆಣೆಯಲು ಶುರು ಮಾಡುತ್ತಾನೆ. ಹೆಣೆಯುವಷ್ಟು ಹೊತ್ತೂ ನೀವು ಅವನ ಕೈದಿ. ಮುಗಿದ ಮೇಲೆ ಹತ್ತೋ ಇಪ್ಪತ್ತೋ ಯೂರೋ ಕೇಳುತ್ತಾನೆ. ಕೊಡಲ್ಲ ಅಂದರೆ ಇನ್ನಿಬ್ಬರು ಹತ್ತಿರ ಬರುತ್ತಾರೆ. ಮಂಡ್ಯದ ಕಡೆಯ ಒಬ್ಬ ಹಿರಿಯರು ದಾರ ಕಟ್ಟಿಸಿಕೊಂಡು, ಕಣ್ಣಿಗೊತ್ತಿಕೊಂಡು, ತಾವಾಗಿಯೇ ದಕ್ಷಿಣೆ ಕೊಡಲು ಜೇಬಿನಿಂದ ಪರ್ಸ್ ತೆಗೆದರು. ಅಷ್ಟು ದೊಡ್ಡ ಪರ್ಸ್ ಅಷ್ಟು ಅಗಲವಾಗಿ ತೆರೆದುಕೊಂಡಿದ್ದು ಕಂಡು ದಾರದವನೇ ತಬ್ಬಿಬ್ಬಾದ.

ಅಲ್ಲಿಗೆ ನಾನು ಹೇಳುವ ಉಪಾಯ ಸುಲಭ. ಎರಡೂ ಕೈ ಜೇಬಿನಲ್ಲಿಟ್ಟು, ಮುಖ ನೋಡದೆ, ಉತ್ತರ ಕೊಡದೆ ನಡೆಯುವುದು. ಅಥವಾ ಮೆಟ್ಟಿಲೇ ಬೇಡ. ಪಕ್ಕದಲ್ಲೇ ಮೇಲಕ್ಕೆ ಎಳೆದೊಯ್ಯುವ ಫ್ಯುನಿಕ್ಯುಲರ್ ಇದೆ, ಮೆಟ್ರೋದ ಟಿಕೆಟ್ಟೇ ಅದಕ್ಕೂ ನಡೆಯುತ್ತದೆ. ಮಂಡಿನೋವಿನವರಿಗೆ ಒಳ್ಳೆಯದೇ ಆಯಿತು. ಆದರೆ "ಉತ್ತರ ಕೊಡಬೇಡಿ" ಎನ್ನುವುದಿದೆಯಲ್ಲ, ನಮ್ಮವರಿಗೆ ಕಷ್ಟವಾಗುವುದು ಅದೇ. ಮಾತನಾಡಿಸಿದವರಿಗೆ ಮಾತಾಡದೆ ಹೋಗುವುದು ಸೊಕ್ಕು ಎಂದು ಕಲಿತ ಜನ. ಲೂವ್ರ್ ಮುಂದೆ, ಒಪೆರಾ ಬಳಿ, ನೋತ್ರ್ ದಾಮ್ ಸುತ್ತ ಕಿವುಡ ಮೂಗರ ಹೆಸರಿನಲ್ಲಿ ರಟ್ಟಿನ ಹಲಗೆ ಹಿಡಿದು ಸಹಿ ಕೇಳುವ ಹುಡುಗಿಯರಿರುತ್ತಾರೆ. ಸಹಿ ಹಾಕಲು ನೀವು ಬಗ್ಗಿದಾಗ ಹಲಗೆಯ ಅಡಿಯಲ್ಲಿ ಇನ್ನೊಂದು ಕೈ ನಿಮ್ಮ ಬ್ಯಾಗಿನ ಜಿಪ್ಪಿನ ಮೇಲಿರುತ್ತದೆ. ಸೇತುವೆಯ ಮೇಲೆ ಯಾರೋ ನಿಮ್ಮ ಕಾಲ ಬಳಿಯಿಂದ ಬಂಗಾರದ ಉಂಗುರ ಎತ್ತಿ "ನಿಮ್ಮದಾ?" ಎಂದರೆ ಅದು ಹಿತ್ತಾಳೆ, ಅವರೇ ಬೀಳಿಸಿದ್ದು. ಮೂರು ಬಟ್ಟಲು, ಒಂದು ಗೋಲಿ ಇಟ್ಟು ಆಡಿಸುವವನ ಸುತ್ತ ಗೆದ್ದು ಕುಣಿಯುವವರೆಲ್ಲ ಅವನ ಕಡೆಯವರೇ. ಇವೆಲ್ಲ ಹಳೆಯ ಆಟಗಳು, ಮೆಜೆಸ್ಟಿಕ್‌ನಲ್ಲಿ ಓಡಾಡಿದವರಿಗೆ ಹೊಸತಲ್ಲ. ಹಾಗಿದ್ದೂ ಅಲ್ಲಿ ಹೋದ ಕೂಡಲೇ ನಮ್ಮ ಬುದ್ಧಿ ರಜೆ ಹಾಕುತ್ತದೆ, ಏಕೆಂದರೆ ಅದು ಫಾರಿನ್!

ಮೆಟ್ರೋದ ವಿಷಯ ಇನ್ನಷ್ಟು ಸೂಕ್ಷ್ಮ. ಲೂವ್ರ್, ಶಾಂಝೆಲಿಝೆ ಎರಡನ್ನೂ ಮುಟ್ಟುವ 1ನೇ ಲೈನು, ವಿಮಾನ ನಿಲ್ದಾಣದಿಂದ ಬರುವ ಆರ್‌ಇಆರ್ ಬಿ ರೈಲು, ಐಫೆಲ್ ಗೋಪುರದ ಆಸುಪಾಸಿನ ಬೀರ್ ಹಕೆಮ್, ತ್ರೊಕಾದೆರೊ ನಿಲ್ದಾಣಗಳು ಜೇಬುಗಳ್ಳರ ಖಾಯಂ ಜಾಗ. ರೈಲಿನ ಒಳಗೇ ಜೇಬುಗಳ್ಳರಿದ್ದಾರೆ ಎಂದು ಫ್ರೆಂಚ್ ಜೊತೆಗೆ ಬೇರೆ ಭಾಷೆಗಳಲ್ಲೂ ಕೂಗುತ್ತಿರುತ್ತಾರೆ. ಆ ಪ್ರಕಟಣೆ ಕೇಳಿದ ತಕ್ಷಣ ನಮ್ಮ ತಂಡದ ಗಂಡಸರು ಏನು ಮಾಡುತ್ತಾರೆ ಗೊತ್ತೇ? ಪರ್ಸ್ ಇದೆಯೋ ಇಲ್ಲವೋ ಎಂದು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ಯಾವ ಜೇಬು ಎಂದು ಕಳ್ಳನಿಗೆ ಗೊತ್ತಾಯಿತು. ಕೈ ಬೀಳುವುದು ಬಾಗಿಲು ಮುಚ್ಚುವ ಗಂಟೆ ಬಾರಿಸುವಾಗ. ನಾಲ್ಕು ಜನ ಒಟ್ಟಿಗೆ ನುಗ್ಗಿ, ಬಾಗಿಲಲ್ಲೇ ತಡವರಿಸಿ, ನಿಮ್ಮನ್ನು ಒತ್ತಿ, ಬಾಗಿಲು ಮುಚ್ಚುವ ಕ್ಷಣಕ್ಕೆ ಹೊರಗೆ ಜಿಗಿಯುತ್ತಾರೆ. ರೈಲು ಹೊರಟಿರುತ್ತದೆ, ನೀವು ಗಾಜಿನ ಈಚೆ, ನಿಮ್ಮ ಫೋನು ಆಚೆ.

ಆ ನಾಲ್ವರು ಹೇಗಿರುತ್ತಾರೆ ಎನ್ನುವುದರಲ್ಲಿ ನಮ್ಮವರ ಲೆಕ್ಕ ಪೂರ್ತಿ ತಲೆಕೆಳಗು. ಕಪ್ಪು ಮೈಬಣ್ಣದ ಒಬ್ಬ ಪ್ರಯಾಣಿಕ ಪಕ್ಕದಲ್ಲಿ ನಿಂತರೆ ಬ್ಯಾಗು ಅಪ್ಪಿಕೊಳ್ಳುತ್ತಾರೆ. ಅವನು ಕೆಲಸ ಮುಗಿಸಿ ಮನೆಗೆ ಹೊರಟ ಯಾವುದೋ ಆಸ್ಪತ್ರೆಯ ನೌಕರನಿರಬಹುದು. ಇನ್ನೊಂದು ಪಕ್ಕದಲ್ಲಿ ಕಾಲೇಜು ಹುಡುಗಿಯ ಹಾಗೆ ಒಳ್ಳೆಯ ಜಾಕೆಟ್ ಹಾಕಿ, ಮೆಟ್ರೋ ಮ್ಯಾಪ್ ಹಿಡಿದು ನಿಂತವಳನ್ನು "ಪಾಪ, ನಮ್ಮ ಹುಡುಗಿ ವಯಸ್ಸಿನವಳು" ಎಂದು ಜಾಗ ಬಿಟ್ಟು ನಿಲ್ಲಿಸಿಕೊಳ್ಳುತ್ತಾರೆ. ನಮ್ಮ ತಂಡದ ಒಬ್ಬ ಬ್ಯಾಂಕ್ ಅಧಿಕಾರಿಗಳ ಫೋನು ಹೋದದ್ದು ಹೀಗೆ. ಬಣ್ಣ ನೋಡಿ ಕಳ್ಳನನ್ನು ಗುರುತಿಸುತ್ತೇನೆ ಎನ್ನುವುದು ಅಸಹ್ಯವೂ ಹೌದು, ದುಡ್ಡಿಗೆ ನಷ್ಟವೂ ಹೌದು.

ಹಾಗಂತ ಇದನ್ನು ಪ್ರವಾಸಿಗಳ ದಡ್ಡತನ ಎಂದು ತಳ್ಳಿಹಾಕಬೇಡಿ. 2013ರ ಏಪ್ರಿಲ್‌ನಲ್ಲಿ ಲೂವ್ರ್ ಮ್ಯೂಸಿಯಂನ ಸಿಬ್ಬಂದಿ ಜೇಬುಗಳ್ಳರ ಕಾಟ ತಡೆಯಲಾರದೆ ಕೆಲಸಕ್ಕೆ ನಿಲ್ಲಲಿಲ್ಲ; ಮ್ಯೂಸಿಯಂ ಒಂದು ದಿನ ಮುಚ್ಚಿತು. 2015ರ ಮೇನಲ್ಲಿ ಐಫೆಲ್ ಗೋಪುರದ ಸಿಬ್ಬಂದಿಯೂ ಅದೇ ಕಾರಣಕ್ಕೆ ಕೆಲಸ ನಿಲ್ಲಿಸಿದರು. 2025ರ ಅಕ್ಟೋಬರ್ 19ರ ಭಾನುವಾರ ಬೆಳಗ್ಗೆ ಅದೇ ಲೂವ್ರ್‌ಗೆ ಕಳ್ಳರು ಲಾರಿಗೆ ಕಟ್ಟಿದ ಏಣಿಯಲ್ಲಿ ಹತ್ತಿ ಬಂದು, ಎಂಟು ನಿಮಿಷವೂ ತೆಗೆದುಕೊಳ್ಳದೆ ರಾಜಮನೆತನದ ಒಡವೆ ಹೊತ್ತೊಯ್ದರು. ಕಾವಲುಗಾರರಿರುವ ಅರಮನೆಯ ಪಾಡೇ ಹೀಗಾದರೆ ನಮ್ಮ ಸೊಂಟದ ಪೌಚಿನದ್ದೇನು?

ಗೋಪುರದ ಬಳಿ ಕತ್ತಲಾದ ಮೇಲೆ ಗಂಟೆಗೊಮ್ಮೆ ಐದು ನಿಮಿಷ ಸಾವಿರಾರು ದೀಪಗಳು ಮಿನುಗುತ್ತವೆ. ನಿಜಕ್ಕೂ ಚೆಂದ, ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ. ಆದರೆ ತಂಡದ ಜೊತೆ ಹೋದಾಗ ನಾನು ಗೋಪುರಕ್ಕೆ ಬೆನ್ನು ಹಾಕಿ ಜನರ ಕಡೆ ಮುಖ ಮಾಡಿ ನಿಲ್ಲುತ್ತೇನೆ. ಎಲ್ಲರ ಎರಡೂ ಕೈ ಮೇಲಿರುತ್ತವೆ, ಎರಡೂ ಕೈಯಲ್ಲಿ ಫೋನು, ಕಣ್ಣು ಆಕಾಶದಲ್ಲಿ. ಬ್ಯಾಗು ಬೆನ್ನ ಮೇಲೆ, ಇಲ್ಲವೇ ಕಾಲ ಬಳಿ ನೆಲದ ಮೇಲೆ. ಆ ಐದು ನಿಮಿಷದಲ್ಲಿ ಮೇಲೆ ನೋಡದೆ ಕೆಳಗೆ ನೋಡುತ್ತಾ ಜನರ ನಡುವೆ ಸುಳಿಯುವವರು ಬೇಗ ಕಣ್ಣಿಗೆ ಬೀಳುತ್ತಾರೆ. ನಾನು ಅವರನ್ನೇ ದಿಟ್ಟಿಸಿ ನೋಡುತ್ತೇನೆ, ಅವರು ಬೇರೆ ತಂಡದ ಕಡೆ ಸರಿಯುತ್ತಾರೆ. ಪುಣ್ಯದ ಕೆಲಸವೇನಲ್ಲ ಇದು, ಕಳ್ಳನನ್ನು ಪಕ್ಕದವರ ಮನೆಗೆ ಕಳಿಸಿದ ಹಾಗೆ. ಆದರೆ ಆ ಹೊತ್ತಿಗೆ ನನ್ನ ಕೈಲಾಗುವುದು ಅಷ್ಟೆ.

ಹೋಟೆಲಿನ ಬೆಳಗಿನ ತಿಂಡಿಯ ಹಾಲು ಮಾತ್ರ ಕ್ಷೇಮ ಎಂದು ಎಲ್ಲರೂ ನಂಬಿರುತ್ತಾರೆ. ಖಾಲಿ ಮೇಜು ಕಂಡ ಕೂಡಲೇ ಕೆಎಸ್‌ಆರ್‌ಟಿಸಿ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಹಾಗೆ ಕೈಚೀಲ ಇಟ್ಟು ಬ್ರೆಡ್ಡು ತರಲು ಹೋಗುತ್ತಾರೆ. ಟವೆಲ್ಲಿನಲ್ಲಿ ಪಾಸ್‌ಪೋರ್ಟ್ ಇರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ. ನೀಟಾಗಿ ಕೋಟು ಹಾಕಿಕೊಂಡು ಒಳಬಂದು, ಒಂದು ಲೋಟ ಜ್ಯೂಸ್ ಕುಡಿದು, ಬ್ಯಾಗು ಎತ್ತಿಕೊಂಡು ಹೊರಟುಹೋಗುವವರಿದ್ದಾರೆ. ಅವರನ್ನು ತಡೆದು ರೂಮ್ ನಂಬರ್ ಕೇಳುವವರಿರುವುದಿಲ್ಲ.

ಕಳ್ಳರಿಗಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ರಸ್ತೆ. ಇದನ್ನು ಯಾವ ಮೀಟಿಂಗಿನಲ್ಲೂ ಹೇಳುವುದಿಲ್ಲ. ಅಲ್ಲಿ ವಾಹನ ರಸ್ತೆಯ ಬಲಭಾಗದಲ್ಲಿ ಓಡುತ್ತದೆ. ನಾವು ಹುಟ್ಟಿದಾಗಿನಿಂದ ರಸ್ತೆಗಿಳಿಯುವಾಗ ಮೊದಲು ಬಲಕ್ಕೆ ನೋಡಿದವರು. ಅಲ್ಲಿ ಮೊದಲ ಗಾಡಿ ಎಡದಿಂದ ಬರುತ್ತದೆ. ಅದರ ಮೇಲೆ ಸೈಕಲ್ಲು. ಲೂವ್ರ್ ಪಕ್ಕದ ರ್ಯೂ ದ ರಿವೊಲಿ ರಸ್ತೆಯ ಬಹುಪಾಲನ್ನು ಈಗ ಸೈಕಲ್ಲಿಗೆ ಬಿಟ್ಟಿದ್ದಾರೆ. ಕಾರಿಲ್ಲ ಎಂದು ನೆಮ್ಮದಿಯಾಗಿ ಅದರಲ್ಲೇ ನಿಂತು ಗ್ರೂಪ್ ಫೋಟೊ ತೆಗೆಸಿಕೊಳ್ಳಲು ಹೋಗುತ್ತಾರೆ. ಸೈಕಲ್ಲಿಗೆ ಸದ್ದಿಲ್ಲ, ಕೆಲಸಕ್ಕೆ ಹೊರಟವನಿಗೆ ತಾಳ್ಮೆಯೂ ಇಲ್ಲ. ಎಪ್ಪತ್ತು ದಾಟಿದವರು ಅಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಆಗುವ ಖರ್ಚಿನ ಮುಂದೆ ಜೇಬುಗಳ್ಳ ಒಯ್ದದ್ದು ಚಿಲ್ಲರೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ ಮಾಡಿರುವುದು ಸುಮ್ಮನೆ ಅಲ್ಲ. ಆ ಪಾಲಿಸಿಯ ಕಾಗದ ಬಹುತೇಕರ ಸೂಟ್‌ಕೇಸಿನ ತಳದಲ್ಲಿ, ಚಕ್ಕುಲಿ ಡಬ್ಬಿಯ ಅಡಿಯಲ್ಲಿರುತ್ತದೆ.

ತಂಡ ಬಿಟ್ಟು ಸ್ವಂತವಾಗಿ ಹೋಗುವ ಕಿರಿಯರು ಈಗ ಹೆಚ್ಚುತ್ತಿದ್ದಾರೆ. ಬೆಂಗಳೂರಿನಿಂದ ಪ್ಯಾರಿಸ್ಸಿಗೆ ನೇರ ವಿಮಾನವೇ ಇದೆ. ಅವರ ಕಥೆ ಬೇರೆ, ಅವರು ಸೋಲುವುದು ಟಿಕೆಟ್ಟಿನಲ್ಲಿ. ಶಾರ್ಲ್ ದ ಗಾಲ್ ನಿಲ್ದಾಣದಲ್ಲಿ ಹೊರಬರುವಾಗ ಬಾಗಿಲ ಒಳಗೇ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ಹತ್ತಿರ ಬರುವವನು ಟ್ಯಾಕ್ಸಿಯವನಲ್ಲ. ಅಸಲಿ ಟ್ಯಾಕ್ಸಿ ಹೊರಗೆ ಸಾಲಿನಲ್ಲಿರುತ್ತದೆ, ಯಾರನ್ನೂ ಕೂಗುವುದಿಲ್ಲ. ಅಲ್ಲಿಂದ ಊರಿಗೆ ದರ ಸರ್ಕಾರವೇ ಗೊತ್ತುಮಾಡಿದ್ದು: 2025ರಲ್ಲಿ ನದಿಯ ಬಲದಂಡೆಗೆ 56 ಯೂರೋ, ಎಡದಂಡೆಗೆ 65. ರೈಲಿನಲ್ಲಿ ಹೋಗುವುದಾದರೆ 2025ರ ಜನವರಿಯಿಂದ ವಿಮಾನ ನಿಲ್ದಾಣಕ್ಕೆ ಪ್ರತ್ಯೇಕ ಟಿಕೆಟ್ ಮಾಡಿದ್ದಾರೆ, ಆಗ 13 ಯೂರೋ ಇತ್ತು. ಊರೊಳಗಿನ ಮಾಮೂಲಿ ಟಿಕೆಟ್ಟಿನಲ್ಲಿ ಏರ್‌ಪೋರ್ಟಿಗೆ ಹೊರಟರೆ ದಂಡ. ಟಿಕೆಟ್ ತುಂಬಿಸಿಕೊಳ್ಳುವ ನಾವಿಗೊ ಈಝಿ ಕಾರ್ಡು ತಲೆಗೊಂದು ಬೇಕು. ಗಂಡ ತನ್ನದನ್ನು ಮುಟ್ಟಿಸಿ ಒಳಗೆ ಹೋಗಿ, ಅದೇ ಕಾರ್ಡನ್ನು ಹಿಂದಕ್ಕೆ ದಾಟಿಸಿ ಹೆಂಡತಿ ಬರುವುದೆಲ್ಲ ನಡೆಯುವುದಿಲ್ಲ. ಹೊರಗೆ ಬರುವ ತನಕ ಅದು ಕೈಯಲ್ಲೇ ಇರಲಿ, ತನಿಖೆಯವರು ನಿಲ್ಲುವುದು ಹೊರಗೆ ಹೋಗುವ ತಿರುವಿನಲ್ಲೇ. "ಗೊತ್ತಿರಲಿಲ್ಲ, ನಾವು ಟೂರಿಸ್ಟು" ಎಂಬ ಮಾತು ಅವರು ದಿನಕ್ಕೆ ನೂರು ಸಲ ಕೇಳಿರುತ್ತಾರೆ. ವಾದ ಮಾಡಬೇಡಿ, ಕಟ್ಟಿ ರಸೀದಿ ತೆಗೆದುಕೊಳ್ಳಿ. ಮಫ್ತಿಯಲ್ಲಿ ಬಂದು "ಪೊಲೀಸ್, ಪರ್ಸ್ ತೋರಿಸಿ" ಎನ್ನುವವನ ಕಥೆ ಬೇರೆ. ಅಸಲಿ ಪೊಲೀಸರು ಗುರುತಿನ ದಾಖಲೆ ಕೇಳಬಹುದು, ನಿಮ್ಮ ನೋಟು ಎಣಿಸಲು ಕೇಳುವುದಿಲ್ಲ.

ಮ್ಯೂಸಿಯಂಗೆ ಹೋಗುವವರು ವಾರವನ್ನೂ ನೋಡಿಕೊಳ್ಳಬೇಕು: ಮಂಗಳವಾರ ಲೂವ್ರ್ ಮುಚ್ಚಿರುತ್ತದೆ. ಸೋಮವಾರ ಒರ್ಸೆ ಮ್ಯೂಸಿಯಂ, ವರ್ಸಾಯ್ ಅರಮನೆ ಎರಡೂ ಇಲ್ಲ. ಪಾಂಪಿಡು ಕೇಂದ್ರವನ್ನು ರಿಪೇರಿಗೆಂದು 2025ರಲ್ಲಿ ಮುಚ್ಚಿದ್ದಾರೆ, 2030ರ ತನಕ ತೆರೆಯುವ ಮಾತಿಲ್ಲ. ಬೆಂಕಿಗೆ ಸಿಕ್ಕಿ 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆದ ನೋತ್ರ್ ದಾಮ್ ಚರ್ಚಿಗೆ ಪ್ರವೇಶ ಉಚಿತ. ಅದಕ್ಕೂ "ಟಿಕೆಟ್" ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. ಲೂವ್ರ್ ಟಿಕೆಟ್ಟು ನಮ್ಮಂಥ ಐರೋಪ್ಯೇತರರಿಗೆ 2026ರ ಜನವರಿಯಿಂದ 32 ಯೂರೋ ಆಗಿದೆ. ಮ್ಯೂಸಿಯಂನ ಸ್ವಂತ ವೆಬ್‌ಸೈಟು ಬಿಟ್ಟು ಗೂಗಲ್‌ನಲ್ಲಿ ಮೊದಲು ಕಂಡ ಜಾಹೀರಾತು ಒತ್ತಿದರೆ ಅದರ ಮೇಲೆ ಇನ್ನಷ್ಟು.

ದುಡ್ಡಿನ ವಿಷಯದಲ್ಲಿ ಈಗಿನ ಹೊಸ ಭ್ರಮೆ ಯುಪಿಐ. 2024ರ ಫೆಬ್ರವರಿಯಲ್ಲಿ ಐಫೆಲ್ ಗೋಪುರದ ಟಿಕೆಟ್ಟಿಗೆ ಯುಪಿಐ ಬಂತು, ಅದೇ ವರ್ಷ ಗ್ಯಾಲರಿ ಲಫಾಯೆತ್ ಎಂಬ ದೊಡ್ಡ ಅಂಗಡಿಗೂ ಬಂತು. ಆ ಸುದ್ದಿ ಓದಿದ ನಮ್ಮವರು ಪ್ಯಾರಿಸ್‌ನ ಬೀದಿಯಲ್ಲಿ ಕ್ರೇಪ್ ಮಾರುವವನ ಮುಂದೆ ಫೋನು ಹಿಡಿದು ಸ್ಕ್ಯಾನರ್ ಹುಡುಕುತ್ತಾರೆ. ಸಿಗುವುದಿಲ್ಲ. ಕಾರ್ಡ್ ಒಯ್ಯಲೇಬೇಕು, ಅದೂ ಎರಡು, ಎರಡೂ ಬೇರೆ ಬೇರೆ ಕಡೆ. ನಮ್ಮ ಕಾರ್ಡುಗಳಲ್ಲಿ ವಿದೇಶದ ಬಳಕೆಯನ್ನು ನಾವೇ ಆನ್ ಮಾಡಿಕೊಳ್ಳಬೇಕು, ರಿಸರ್ವ್ ಬ್ಯಾಂಕಿನ 2020ರ ನಿಯಮ ಅದು. ಆನ್ ಮಾಡುವಾಗಲೇ ದಿನದ ಮಿತಿ ಇಳಿಸಿ. ಅಲ್ಲಿ 50 ಯೂರೋ ತನಕ ಪಿನ್ ಒತ್ತದೆ ಕಾರ್ಡ್ ಮುಟ್ಟಿಸಿದರೆ ಸಾಕು, ಕದ್ದವನಿಗೂ ಅಷ್ಟೇ ಸಾಕು. ಅಂಗಡಿಯ ಮೆಷಿನ್ನು "ರೂಪಾಯಿಯಲ್ಲಾ ಯೂರೋದಲ್ಲಾ" ಎಂದು ಕೇಳಿದರೆ ಕಣ್ಣುಮುಚ್ಚಿ ಯೂರೋ ಒತ್ತಿ. ರೂಪಾಯಿ ಎಂದು ಕಂಡ ಕೂಡಲೇ ನಮ್ಮದು ಎಂದು ಒತ್ತುವವರು ಕೆಟ್ಟ ದರ ತೆತ್ತು ಬರುತ್ತಾರೆ. ಹೋಟೆಲಿನಲ್ಲಿ ಬಾಟಲಿ ನೀರಿಗೆ ದುಡ್ಡು ಸುರಿಯುವುದೂ ಬೇಡ, ಒಂದು ಹೂಜಿ (ಕರಾಫ್) ನಲ್ಲಿಯ ನೀರು ಕೇಳಿದರೆ ಪುಕ್ಕಟೆ ಕೊಡಬೇಕೆಂಬುದು ಅಲ್ಲಿನ ಕಾನೂನು. ಸರ್ವಿಸ್ ಚಾರ್ಜ್ ಬಿಲ್ಲಿನಲ್ಲೇ ಸೇರಿರುತ್ತದೆ. ಮಾತಿಗೆ ಮೊದಲು ಒಂದು "ಬೋಂಝೂರ್" ಹೇಳಿ. ಅದನ್ನು ಹೇಳದೆ ನೇರ "ಹೌ ಮಚ್" ಅಂದವರಿಗೆ ಸಿಗುವ ಮುಖ ನೋಡಿ ಫ್ರೆಂಚರು ಒರಟರು ಎಂದು ಊರಿಗೆ ಬಂದು ದೂರುತ್ತಾರೆ.

ಇನ್ನು ಪಾಸ್‌ಪೋರ್ಟ್. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕಳೆದುಕೊಂಡವರಿಗೆ ಏನಾಗುತ್ತದೆ ಎಂಬುದು ಕಳೆದುಕೊಳ್ಳದವರಿಗೆ ಅಂದಾಜಿಲ್ಲ.

ನಿವೃತ್ತ ಶಿಕ್ಷಕಿಯೊಬ್ಬರ ಕೈಚೀಲ ಹೋಯಿತು ಅಂತಿಟ್ಟುಕೊಳ್ಳಿ. ನಾನು ಕಂಡ ಒಬ್ಬರಿಗೆ ಆದದ್ದೇ ಇದು. ಚೀಲದಲ್ಲಿ ಪಾಸ್‌ಪೋರ್ಟ್, ಫೋನು, ಕಾರ್ಡು, ಬಿಪಿ ಮಾತ್ರೆ, ಜೊತೆಗೆ ಗಂಡನ ಪಾಸ್‌ಪೋರ್ಟ್ ಕೂಡ, ಏಕೆಂದರೆ "ಇವರು ಎಲ್ಲಾದ್ರೂ ಬಿಡ್ತಾರೆ ಅಂತ ನಾನೇ ಇಟ್ಕೊಂಡಿದ್ದೆ." ಮೊದಲು ಪೊಲೀಸ್ ಠಾಣೆ. ಸರದಿಯಲ್ಲಿ ಕೂತು ದೂರು ಬರೆಸಬೇಕು. ವಿಮೆಯವರಿಗೂ ಆ ಕಾಗದ ಬೇಕು, ರಾಯಭಾರ ಕಚೇರಿಗೂ ಬೇಕು. ಪಾಸ್‌ಪೋರ್ಟ್ ನಂಬರ್ ಕೇಳುತ್ತಾರೆ, ನಂಬರ್ ಇರುವುದು ಫೋನಿನಲ್ಲಿ, ಫೋನ್ ಹೋಗಿದೆ. ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಬೇಕು, ಬ್ಯಾಂಕಿನ ನಂಬರೂ ಫೋನಿನಲ್ಲೇ. ಓಟಿಪಿ ಬರುವುದು ಕಳ್ಳನ ಕೈಗೆ. ಆಮೇಲೆ 16ನೇ ವಾರ್ಡಿನಲ್ಲಿರುವ ಭಾರತದ ರಾಯಭಾರ ಕಚೇರಿ. ಅದು ಶನಿವಾರ ಆಗಿಬಿಟ್ಟರೆ ಸೋಮವಾರದವರೆಗೆ ಕಾಯಬೇಕು. ಅಲ್ಲಿ ತುರ್ತಾಗಿ ಕೊಡುವ ಎಮರ್ಜೆನ್ಸಿ ಸರ್ಟಿಫಿಕೇಟ್ ಎಂಬ ಕಾಗದ ಭಾರತಕ್ಕೆ ಹಿಂದಿರುಗಲು ಮಾತ್ರ. ಪಾಸ್‌ಪೋರ್ಟಿನ ಜೊತೆಗೆ ಅದರಲ್ಲಿ ಅಂಟಿಸಿದ್ದ ವೀಸಾವೂ ಹೋಗಿರುತ್ತದೆ. ಅಂದರೆ ಪ್ಯಾರಿಸ್‌ನಿಂದ ಮುಂದಕ್ಕಿದ್ದ ಸ್ವಿಟ್ಜರ್ಲೆಂಡು, ಇಟಲಿ, ಲಂಡನ್ ಎಲ್ಲಾ ಅಲ್ಲಿಗೆ ಮುಗಿಯಿತು. ಇತ್ತ ತಂಡದ ಬಸ್ಸು ಬೆಳಗ್ಗೆ ಏಳೂವರೆಗೆ ಹೊರಡಲೇಬೇಕು. ಯುರೋಪಿನಲ್ಲಿ ಬಸ್ ಡ್ರೈವರ್ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ ಮುಕ್ಕಾಲು ಗಂಟೆ ನಿಲ್ಲಿಸಲೇಬೇಕೆಂಬ ನಿಯಮವಿದೆ, ತಡ ಮಾಡಿದರೆ ಆ ದಿನದ ಲೆಕ್ಕವೆಲ್ಲ ಕುಸಿಯುತ್ತದೆ. ಟೂರ್ ಮ್ಯಾನೇಜರ್ ಒಬ್ಬಳೇ. ನಲವತ್ತು ಜನರನ್ನು ಬಿಟ್ಟು ಇಬ್ಬರ ಜೊತೆ ನಿಲ್ಲಲೇ, ಇಬ್ಬರನ್ನು ಬಿಟ್ಟು ನಲವತ್ತು ಜನರ ಜೊತೆ ಹೋಗಲೇ? ಕಂಪನಿಯಿಂದ ಫೋನಿನಲ್ಲಿ ಬಂದ ಉತ್ತರ ನೀವು ಊಹಿಸಬಹುದು. ಅವರಿಬ್ಬರೂ ಹೋಟೆಲಿನ ಬಾಗಿಲಲ್ಲಿ ನಿಂತು ಬಸ್ಸಿಗೆ ಕೈ ಬೀಸಿದರು. ಮೇಡಂ ನನಗೇ ಸಮಾಧಾನ ಹೇಳಿದರು: "ಹೋಗಮ್ಮಾ, ಅವರಿಗೂ ನೀನೇ ಅಲ್ವಾ."

ಇಡೀ ಪ್ಯಾರಿಸ್‌ಗೆ ನಮ್ಮ ಪ್ಯಾಕೇಜುಗಳು ಕೊಡುವುದು ಒಂದೂವರೆ ದಿನ. ಗೋಪುರ, ದೋಣಿ, ಬಸ್ಸಿನ ಕಿಟಕಿಯಿಂದ ಊರು, "ಫೋಟೊ ಸ್ಟಾಪ್ ಹದಿನೈದು ನಿಮಿಷ, ಎಲ್ಲರೂ ಬೇಗ ಬನ್ನಿ." ಈ 'ಬೇಗ ಬನ್ನಿ' ಎಂಬುದೇ ಜೇಬುಗಳ್ಳನ ಬಂಡವಾಳ. ಆತುರದಲ್ಲಿರುವವನು ಜಿಪ್ ಹಾಕುವುದಿಲ್ಲ. ಅದರ ಮೇಲೆ ಒಂದೇ ಬಣ್ಣದ ಟೋಪಿ, ಕತ್ತಿನಲ್ಲಿ ಟ್ಯಾಗು, ಮುಂದೆ ಬಾವುಟ. ನಲವತ್ತು ಜನ, ಎಲ್ಲರ ಬಳಿ ನಗದು ಯೂರೋ ಇದೆ, ನಾಳೆ ಬೆಳಗ್ಗೆ ಊರು ಬಿಡುತ್ತಾರೆ, ದೂರು ಕೊಡಲು ಪುರುಸೊತ್ತಿಲ್ಲ ಎಂದು ಬೋರ್ಡು ಹಾಕಿದ ಹಾಗಾಯಿತು. ಟೋಪಿ ಹಂಚುವುದನ್ನು ನಿಲ್ಲಿಸಿ ಎಂದು ನಾನು ಕೆಲಸ ಮಾಡಿದ ಕಡೆಯೆಲ್ಲ ಹೇಳಿದ್ದೇನೆ. ಅದು ಜಾಹೀರಾತಿನ ಬಾಬ್ತು, ನಿಲ್ಲುವುದಿಲ್ಲ.

ಎಚ್ಚರಿಕೆಯ ಉಪಾಯಗಳು ನಮ್ಮಲ್ಲಿ ಇಲ್ಲದೇ ಇಲ್ಲ. ತಂಡಕ್ಕೆ ಬಂದಿದ್ದ ಒಬ್ಬ ರೈತರು ಪ್ಯಾಂಟಿನೊಳಗೆ ಪಟಾಪಟಿ ಚಡ್ಡಿ ಹಾಕಿ, ಅದರ ಜೇಬಿನಲ್ಲಿ ಪಾಸ್‌ಪೋರ್ಟ್ ಇಟ್ಟು, ಮೇಲೊಂದು ಸೇಫ್ಟಿ ಪಿನ್ ಹಾಕಿದ್ದರು. ಇಮಿಗ್ರೇಷನ್ ಕೌಂಟರಿನ ಮುಂದೆ ಅದನ್ನು ತೆಗೆಯುವಾಗ ಸ್ವಲ್ಪ ಮುಜುಗರವಾಯಿತು, ಅಷ್ಟೆ. ಅವರ ತಂಗಿ ಲಂಗದ ಒಳಮಗ್ಗುಲಿಗೆ ದರ್ಜಿಯ ಹತ್ತಿರ ಒಂದು ಚೀಲ ಹೊಲಿಸಿಕೊಂಡಿದ್ದರು. ಅಂಗಡಿಯಲ್ಲಿ ಮೂರು ಸಾವಿರ ರೂಪಾಯಿಗೆ ಮಾರುವ "ಕಳ್ಳರಿಗೆ ಬಗ್ಗದ" ಬ್ಯಾಗಿಗಿಂತ ನನಗೆ ಇವೇ ಮೇಲು. ಕೆಲವರು ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿಡಿ ಎನ್ನುತ್ತಾರೆ. ಪೊಲೀಸರು ಕೇಳಿದರೆ ವಿದೇಶಿಯರು ದಾಖಲೆ ತೋರಿಸಬೇಕು, ಮರುದಿನ ಬೆಳಗ್ಗೆ ಲಾಕರ್ ಮರೆತು ಬಸ್ಸು ಹತ್ತುವವರೂ ಇದ್ದಾರೆ. ಹಾಗಾಗಿ ನನ್ನ ಸಲಹೆ, ಅಂಗಿಯ ಒಳಗೆ, ಮೈಗೆ ತಾಗಿ. ಎರಡು ಜೆರಾಕ್ಸು, ಎರಡು ಫೋಟೊ, ಬ್ಯಾಂಕಿನ ನಂಬರು, ಮಗನ ನಂಬರು ಒಂದು ಹಾಳೆಯಲ್ಲಿ ಪೆನ್ನಿನಲ್ಲಿ ಬರೆದು ಸೂಟ್‌ಕೇಸಿನಲ್ಲಿ. ಗಂಡ ಹೆಂಡತಿಯ ಪಾಸ್‌ಪೋರ್ಟ್ ಒಂದೇ ಕಡೆ ಬೇಡ. ತಾಳಿ ತೆಗೆಯುವುದಿಲ್ಲ ಎನ್ನುವ ಆಂಟಿಯರೊಡನೆ ನಾನು ಜಗಳಕ್ಕೆ ಹೋಗುವುದಿಲ್ಲ. "ಕರಿಮಣಿಯಲ್ಲಿ ಪೋಣಿಸಿದ್ದು ಹಾಕ್ಕೊಂಡು ಬನ್ನಿ ಆಂಟಿ, ಆ ಎರಡೆಳೆ ಸರ ಲಾಕರ್‌ನಲ್ಲಿರಲಿ" ಎನ್ನುತ್ತೇನೆ. ಬಹಳ ಜನ ಕೇಳುತ್ತಾರೆ. ಇದನ್ನೆಲ್ಲ ಹೇಳಿ, ತೋರಿಸಿ, ಒಮ್ಮೆ ಆಡಿಸಿ ನೋಡಲು ಒಂದು ಮಧ್ಯಾಹ್ನ ಸಾಕು. ಆ ಒಂದು ಮಧ್ಯಾಹ್ನ ನಮ್ಮ ಕಂಪನಿಗಳಿಗೆ ಸಿಗುತ್ತಿಲ್ಲ.

ಆದ್ದರಿಂದ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಬೇಸಿಗೆಗೆ ಅಪ್ಪ ಅಮ್ಮನನ್ನು ಯುರೋಪಿಗೆ ಕಳಿಸುವವರು, ನೀವೇ ಹೊರಟವರು, ಟ್ರಾವೆಲ್ಸ್‌ನವರ ಮುಂದೆ ಕೂತಾಗ ಊಟದ ಪಟ್ಟಿಯನ್ನು ಪಕ್ಕಕ್ಕಿಡಿ. ಪ್ಯಾರಿಸ್‌ನ ಲಾ ಶಪೆಲ್ ಸುತ್ತಮುತ್ತ ಶ್ರೀಲಂಕಾ ತಮಿಳರ ಹೋಟೆಲುಗಳಿವೆ, ಸಾಂಬಾರಿಗೆ ಚಿಂತೆಯಿಲ್ಲ. ಕೇಳಬೇಕಾದದ್ದು ಬೇರೆ: ಪ್ಯಾರಿಸ್‌ನಲ್ಲಿ ಬಸ್ಸಿನಿಂದ ಕೆಳಗಿಳಿದು ನಡೆಯುವುದು ಎಷ್ಟು ಗಂಟೆ? ಲೂವ್ರ್ ದಿನ ಮಂಗಳವಾರ ಅಲ್ಲ ತಾನೇ? ಪಾಸ್‌ಪೋರ್ಟ್ ಕಳೆದರೆ ನಮ್ಮ ಜೊತೆ ಠಾಣೆಗೆ, ರಾಯಭಾರ ಕಚೇರಿಗೆ ಬರುವವರು ಯಾರು, ಅವರ ಹೆಸರೇನು, ಅವರ ಖರ್ಚು ಯಾರದ್ದು? ಇದನ್ನು ಬಾಯಲ್ಲಿ ಹೇಳಿಸಿಕೊಳ್ಳಬೇಡಿ, ಬರೆಸಿಕೊಳ್ಳಿ. ಬರೆದುಕೊಡಲು ಹಿಂಜರಿದರೆ ಅಡ್ವಾನ್ಸ್ ಕೊಡದೆ ಎದ್ದು ಬನ್ನಿ.